ಶಹಾಪುರದಲ್ಲಿ ಲ್ಯಾಂಬೊರ್ಗಿನಿಯಿಂದ ಇಳಿದದ್ದು

ಯಾದಗಿರಿ
೧೧ ಡಿಸೆಂಬರ್ ೨೦೨೫

ಚಿ. ಕು. ಸುಮಲತಾಳಿಗೆ,

ನಿನ್ನ ಅಪ್ಪ ಮರಿಲಿಂಗಪ್ಪನ ಆಶೀರ್ವಾದಗಳು. ನಾನೂ ನಿನ್ನ ಅವ್ವನೂ ಚೆನ್ನಾಗಿದ್ದೇವೆ. ನನ್ನ ಎಡ ಮೊಣಕಾಲೊಂದನ್ನು ಬಿಟ್ಟರೆ ದೂರುವಂಥದ್ದು ಏನೂ ಇಲ್ಲ. ಕೈಯಲ್ಲಿ ಮೊಬೈಲು ಇಟ್ಟುಕೊಂಡು ಅಪ್ಪ ಕಾಗದ ಯಾಕೆ ಬರೆದ ಎಂದು ಗಾಬರಿಯಾಗಬೇಡ. ಈಚೆಗೆ ನಿನ್ನ ಫೋನು ಬಂದಾಗಲೆಲ್ಲ ನಾನು ಹಿತ್ತಲಿಗೆ ಹೋಗಿ ನಿಲ್ಲುತ್ತೇನೆ. “ನಿಮ್ಮಪ್ಪ ಕ್ಲಾಸಿಗಿ ಹೋಗ್ಯಾರವ್ವ” ಎಂದು ಅವ್ವ ಹೇಳುವುದು ನನಗೆ ಅಲ್ಲಿಗೇ ಕೇಳಿಸುತ್ತದೆ. ನೀನೂ ಹೆಚ್ಚು ಒತ್ತಾಯ ಮಾಡಿ ಕೇಳಲಿಲ್ಲವಂತೆ. ಮಾತಾಡದೆ ಇಷ್ಟು ದಿನ ಕಳೆದದ್ದನ್ನು ಮನಸ್ಸಿಗೆ ತಂದುಕೊಳ್ಳಬೇಡ. ಬಾಯಲ್ಲಿ ಹೇಳಲಾಗದ್ದನ್ನು ಬರೆದಾದರೂ ಹೇಳೋಣವೆಂದು ಕುಳಿತಿದ್ದೇನೆ.

ಮೊದಲು ಊರಿನ ಸುದ್ದಿ. ಮುದನಾಳದ ನಿನ್ನ ಸೋದರಮಾವನ ಹೊಲದಲ್ಲಿ ಈ ಸಲ ತೊಗರಿ ಚೆನ್ನಾಗಿ ಬಂದಿದೆ. ಒಂದು ಚೀಲ ಬೇಳೆ ಮಾಡಿಸಿ ಹೈದರಾಬಾದಿಗೆ ಕಳಿಸುತ್ತಾನಂತೆ. ಅಲ್ಲಿಯ ಬೇಳೆ ಬೇಯುವುದೇ ಇಲ್ಲವೆಂದು ನೀನು ಒಮ್ಮೆ ಅಂದದ್ದನ್ನು ಅವ್ವ ಮರೆತಿಲ್ಲ. ನೀನು ದೀಪಾವಳಿಗೆ ಕೊಟ್ಟ ಸ್ವೆಟರನ್ನು ಮುಂಜಾನೆಯ ಕ್ಲಾಸಿಗೆ ಹಾಕಿಕೊಳ್ಳುತ್ತೇನೆ. ನಮ್ಮ ಡ್ರೈವಿಂಗ್ ಸ್ಕೂಲಿಗೆ ಈಗ ಹೆಣ್ಣುಮಕ್ಕಳೇ ಹೆಚ್ಚು ಬರುತ್ತಾರೆ. ಗಂಡಸರಿಗಿಂತ ಬೇಗ ಕಲಿಯುತ್ತಾರೆ, ಕ್ಲಚ್ಚಿನ ಮೇಲೆ ಸಿಟ್ಟು ತೀರಿಸಿಕೊಳ್ಳುವುದಿಲ್ಲ.

ಇನ್ನು ನನ್ನ ಸುದ್ದಿ.

ನಮ್ಮ ಭಾನುವಾರದ ಬೈಠಕ್ ನಿನಗೆ ಗೊತ್ತೇ ಇದೆ. ಸ್ಟೇಶನ್ನಿನ ಹಿಂದೆ ಗಾಡಿಗಳ ತಗಡು ಬಡಿದು ಬಣ್ಣ ಹೊಡೆಯುವ ಫಿರೋಜ್, ಭೀಮಾ ಸೇತುವೆಯ ಹತ್ತಿರ ಮೀನು ಮಾರುವ ಪರಮಣ್ಣ, ನಾನು. ಮೂರು ಕಪ್ ಚಹಾದ ಮೇಲೆ ಇಟಲಿಯ ಗಾಡಿಗಳ ನ್ಯಾಯ ತೀರ್ಮಾನವಾಗುತ್ತಿತ್ತು. ಫಿರೋಜನಿಗೆ ಹಳೆಯ ಫೆರಾರಿ ೨೫೦ ಜಿಟಿಒ ಎಂದರೆ ಜೀವ. “ಮಾಸ್ತರ್, ಅದರ ಹಿಂದಿನ ಮೈ ನೋಡ್ರಿ. ಕೈಲೆ ಬಡದಾರ. ತಗಡಲ್ಲ ಅದು, ಮಲಮಲ್ ಅರಿವಿ” ಅನ್ನುತ್ತಿದ್ದ. ಪರಮಣ್ಣ ತನ್ನ ಮದುವೆಯ ಮೆರವಣಿಗೆಗೆ ಬಂದ ಫಿಯೆಟ್ ೧೧೦೦ ಬಿಟ್ಟು ಬೇರೆ ಯಾವುದನ್ನೂ ಒಪ್ಪುವವನಲ್ಲ. “ಅದೂ ಇಟಲಿದs ಅಲ್ಲೇನು? ಮತ್ತ ಅದೊಂದs ನಾವು ಕುಂತದ್ದು” ಎಂದು ವಾದ. ನಾನು ಮಿಯುರಾದವನು. ಸಾವಿರದ ಒಂಬೈನೂರ ಅರವತ್ತಾರರ ಲ್ಯಾಂಬೊರ್ಗಿನಿ ಮಿಯುರಾ, ದೀಪಗಳ ಸುತ್ತ ರೆಪ್ಪೆಗೂದಲು ಇರುವ ಗಾಡಿ. ನೀನು ಚಿಕ್ಕವಳಿದ್ದಾಗ ಅದನ್ನು ಕಾಡಿಗೆ ಗಾಡಿ ಎಂದು ಕರೆಯುತ್ತಿದ್ದೆ. ಹೊಸ ಗಾಡಿಗಳ ವಿಷಯಕ್ಕೆ ಬಂದರೆ ಮೂವರಿಗೂ ಜಗಳ ಬಗೆಹರಿಯುತ್ತಿರಲಿಲ್ಲ. ಯಾವುದನ್ನೂ ಕಣ್ಣಾರೆ ಕಂಡವರಲ್ಲ, ಆದರೆ ಮಾತಿಗೆ ಮಾತ್ರ ಬರಗಾಲವಿರಲಿಲ್ಲ.

ಕಳೆದ ತಿಂಗಳ ಕೊನೆಯ ಶನಿವಾರ ಸಂಜೆ ಫಿರೋಜ್ ಬಣ್ಣದ ಕೈಯಲ್ಲೇ ಓಡಿಬಂದ. “ಮಾಸ್ತರ್, ಹೈದರಾಬಾದದಿಂದ ಇಟಲಿ ಗಾಡಿ ಬರಾಕತ್ತಾವ! ಬಾದಾಮಿಗಿ ಹೊಂಟಾವಂತ. ನಾಳಿ ಮುಂಜಾನಿ ಶಹಾಪುರದಾಗ ನಾಷ್ಟಾಕ್ಕ ನಿಂದರ್ತಾವ.”

“ಯಾರ್ ಹೇಳಿದ್ರು?”

“ಮೊಬೈಲದಾಗ ಹಾಕ್ಯಾರ. ಲ್ಯಾಂಬೊರ್ಗಿನಿನೂ ಅದ. ನೀವು ಬರ್ರಿ, ಇಲ್ಲಾಂದ್ರ ನಾ ಒಬ್ಬಾಂವ ಹೋಗ್ತೀನಿ.”

ಪರಮಣ್ಣ ಬರಲಿಲ್ಲ, ಭಾನುವಾರ ಮೀನಿನ ವ್ಯಾಪಾರ ಬಿಟ್ಟು ಅವನು ಸ್ವರ್ಗಕ್ಕೂ ಬರುವವನಲ್ಲ. ನಾನು ಮಾಲೀಕರನ್ನು ಕೇಳಿ ಸ್ಕೂಲಿನ ಕಾರನ್ನೇ ತೆಗೆದುಕೊಂಡೆ. ಮುತುವರ್ಜಿಯಿಂದ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೆ. ಯಾವುದು ಗೊತ್ತೇ? ಸ್ಕೂಲಿನದೇ, ಬೆನ್ನ ಮೇಲೆ ದೊಡ್ಡ ಅಕ್ಷರದಲ್ಲಿ ‘ಡ್ರೈವಿಂಗ್ ಇನ್‌ಸ್ಟ್ರಕ್ಟರ್’ ಎಂದು ಬರೆದಿರುವುದು. ಗಾಡಿಯವರೆದುರು ಹೋಗುವಾಗ ನಾನೂ ಗಾಡಿಯವನೇ ಎಂದು ತಿಳಿಯಲಿ ಎಂಬ ಆಸೆ. ಶಹಾಪುರ ಇನ್ನೇನು ಬಂತು ಎನ್ನುವಾಗ ಫಿರೋಜ್ ಗಾಡಿ ನಿಲ್ಲಿಸಿದ. “ಎಲ್ ಬೋರ್ಡ್ ತಗದಿಡ್ತೀನಿ ಮಾಸ್ತರ್. ಅವುಗಳ ಬಾಜೂಕ ಇದನ್ನ ನಿಂದರಿಸಿದ್ರ ಇಜ್ಜತ್ ಹೋಗ್ತದ” ಎಂದು ಅದನ್ನು ಬಿಚ್ಚಿ ಹಿಂದಿನ ಸೀಟಿನ ಕೆಳಗೆ ಇಟ್ಟ.

ಬುದ್ಧ ಮಲಗಿದಂತೆ ಕಾಣುವ ಬೆಟ್ಟಕ್ಕೆ ಬೆನ್ನು ಮಾಡಿ ಜನ ಹೋಟೆಲಿನ ಮುಂದೆ ನಿಂತಿದ್ದರು. ಮೊದಲು ಸದ್ದು ಬಂತು. ಆಮೇಲೆ ಗಾಡಿಗಳು ಬಂದವು: ಕೆಂಪು ಫೆರಾರಿ, ನೀಲಿ ಮಾಸೆರಾಟಿ, ಹಳದಿ ಲ್ಯಾಂಬೊರ್ಗಿನಿ. ಎಲ್ಲದರ ಹಿಂದೆ ಮೇಲ್ಛಾವಣಿ ಮಡಚಿದ ಒಂದು ಹಳೆಯ ಆಲ್ಫಾ ರೋಮಿಯೊ, ಅವಸರವೇ ಇಲ್ಲದ ಮುದುಕಿಯ ಹಾಗೆ. ಫಿರೋಜ್ ನನ್ನ ಮುಂಗೈ ಹಿಡಿದುಕೊಂಡಿದ್ದ, ಬಿಡಲೇ ಇಲ್ಲ. ಸುಮಿ, ಫೋಟೋದಲ್ಲಿ ಗಾಡಿಗೆ ಬಿಸಿ ಇರುವುದಿಲ್ಲ. ಹತ್ತಿರ ಹೋಗಿ ನಿಂತಾಗ ಇಂಜಿನ್ನಿನ ಬಿಸಿ ನನ್ನ ಕಾಲಿಗೆ ಬಡಿಯಿತು. ಇಷ್ಟು ವರ್ಷ ಪಟದಲ್ಲಿ ನೋಡಿದ ದೇವರು ಉಸಿರು ಬಿಟ್ಟ ಹಾಗಾಯಿತು.

ನಾನು ಸುಮ್ಮನೆ ನೋಡಿ ಬರಬೇಕಿತ್ತು. ಆದರೆ ಲ್ಯಾಂಬೊರ್ಗಿನಿಯ ಯಜಮಾನರು, ಯಾರೋ ಡಾಕ್ಟರಂತೆ, ನನ್ನನ್ನು ನೋಡಿ ನಕ್ಕು “ಆಯಿಯೇ ಚಾಚಾ” ಎಂದರು. ಅವರಿಗೂ ನನ್ನದೇ ವಯಸ್ಸು. ಯಾವ ಗಾಡಿ ಗೊತ್ತೇನು ಎಂದು ಉರ್ದುವಿನಲ್ಲಿ ಕೇಳಿದರು. ಗೊತ್ತೇನು ಅಂದರೆ! ನನ್ನ ಬಾಯಿಗೆ ಯಾರೋ ಕೀಲಿ ಕೊಟ್ಟ ಹಾಗಾಯಿತು. ಹನ್ನೆರಡು ಸಿಲಿಂಡರಿನದು, ಇಂಜಿನ್ ಸೀಟಿನ ಹಿಂದೆ ಇರುತ್ತದೆ ಎಂದೆ. ಮೊದಲು ಟ್ರ್ಯಾಕ್ಟರು ಮಾಡುತ್ತಿದ್ದ ಮನುಷ್ಯ ಈ ಕಂಪನಿ ಕಟ್ಟಿದ ಎಂದೆ. ಅಲ್ಲಿದ್ದ ಹುಡುಗರು ಸುತ್ತ ನೆರೆದು ಮೊಬೈಲು ಎತ್ತಿ ಹಿಡಿದರು. “ಚಾಚಾ, ನಿಮ್ಮ ಫೇವರಿಟ್ ಯಾವುದು?” ಎಂದರು. ಮಿಯುರಾ ಎಂದೆ. ಚಪ್ಪಾಳೆ ತಟ್ಟಿದರು. ನಾನು ಉಬ್ಬಿದೆ. ಅದು ಒಂದನೆಯ ಇಯತ್ತೆಯ ಮಗು ಮಗ್ಗಿ ಒಪ್ಪಿಸಿದಾಗ ತಟ್ಟುವ ಚಪ್ಪಾಳೆ ಎಂದು ಆಗ ನನಗೆ ತಿಳಿಯಲಿಲ್ಲ. ಈಗ ಆ ವಿಡಿಯೋ ನೋಡಿದರೆ ನನ್ನ ನಗುವೇ ನನಗೆ ಚುಚ್ಚುತ್ತದೆ.

ಡಾಕ್ಟರು ಒಳಗೆ ಕೂರಲು ಹೇಳಿದರು. ಬಾಗಿಲ ಹಿಡಿಕೆ ಎಲ್ಲಿದೆಯೆಂದೇ ಕಾಣಲಿಲ್ಲ. ಸಂತೆಯಲ್ಲಿ ಎಮ್ಮೆ ಕೊಳ್ಳಲು ಬಂದವನ ಹಾಗೆ ಗಾಡಿಯ ಪಕ್ಕೆಯನ್ನೆಲ್ಲ ಸವರಿದೆ. ಇಡೀ ಜಿಲ್ಲೆಗೆ ಗಾಡಿ ಕಲಿಸಿದವನು ಬಾಗಿಲು ತೆರೆಯಲಾರದೆ ನಿಂತೆ. ಕೊನೆಗೆ ಅವರೇ ಎಲ್ಲೋ ಬೆರಳು ಹಾಕಿ ಎಳೆದರು, ಬಾಗಿಲು ಮೇಲಕ್ಕೆ ಎದ್ದಿತು. ಕೂತೆ ಎನ್ನುವುದಕ್ಕಿಂತ ಬಿದ್ದೆ ಅನ್ನಬೇಕು, ಸೀಟು ಅಷ್ಟು ತಗ್ಗು. ಸ್ಟಿಯರಿಂಗ್ ಹಿಡಿದೆ. ಸುಳ್ಳು ಹೇಳುವುದಿಲ್ಲ, ಆ ಗಳಿಗೆ ನನ್ನ ಜೀವನದ ದೊಡ್ಡ ಗಳಿಗೆಯೇ.

ಇಳಿಯುವಾಗ ಡಾಕ್ಟರು ಕೈ ಕೊಡುವ ಮೊದಲೇ ಅವಸರಪಟ್ಟು ಕಾಲು ಹೊರಗೆ ಹಾಕಿದೆ. ಮೊಣಕಾಲು ಹಿಡಿದುಕೊಂಡಿತು. ಆಧಾರಕ್ಕೆಂದು ಸ್ಟಿಯರಿಂಗ್ ಒತ್ತಿದೆ, ಹಾರ್ನು ಕಿರುಚಿತು, ದೂರದಲ್ಲಿದ್ದವರೂ ತಿರುಗಿ ನೋಡಿದರು. ಮತ್ತೆ ಏಳಲು ಹೋಗಿ ಪಕ್ಕಕ್ಕೆ ವಾಲಿದೆ. ಬೇರೆ ದಾರಿ ಕಾಣದೆ ಎರಡೂ ಕೈ ನೆಲಕ್ಕೆ ಊರಿ, ಅಂಬೆಗಾಲಿಡುವ ಕೂಸಿನ ಹಾಗೆ ಹೊರಗೆ ಬಂದೆ. ಆಗ ಪ್ಯಾಂಟಿನ ಹಿಂಭಾಗದ ಹೊಲಿಗೆ ಪರ್ರನೆ ಬಿಚ್ಚಿತು. ಪಟ್ಟೆಪಟ್ಟೆಯ ಚಡ್ಡಿ ಲೋಕಕ್ಕೆಲ್ಲ ಕಂಡಿತು. ಅದರ ಮೇಲೆ ನನ್ನ ಅಂಗಿಯ ಬೆನ್ನು. ಯಾರೋ ಒಬ್ಬ ಅದನ್ನು ಗಟ್ಟಿಯಾಗಿ ಓದಿದ: “ಡ್ರೈವಿಂಗ್ ಇನ್‌ಸ್ಟ್ರಕ್ಟರ್!” ಆಮೇಲಿನ ನಗುವನ್ನು ಬರೆಯಲಾರೆ.

ಡಾಕ್ಟರು ನಗಲಿಲ್ಲ. ತಮ್ಮ ಬಿಳಿಯ ಟವೆಲು ಕೊಟ್ಟು ಸೊಂಟಕ್ಕೆ ಸುತ್ತಿಕೊಳ್ಳಿ ಎಂದರು. ಅವರೂ ನಕ್ಕಿದ್ದರೆ ನನಗೆ ಹಗುರಾಗುತ್ತಿತ್ತೇನೋ. ಫಿರೋಜ್ ನನ್ನ ರಟ್ಟೆ ಹಿಡಿದು ಎಬ್ಬಿಸಿ, ಕಾರು ತರಲು ಓಡಿದ. ಊರು ಬಂದ ಮೇಲೆ ಅವನು, “ಹೋಗ್ಲಿ ಬಿಡ್ರಿ, ಕುಂತ್ರಿ ಅಲ್ಲ? ನನಗಂತೂ ಕುಂದರ್ಸಲಿಲ್ಲ” ಅಂದ.

ನಮಗಿಂತ ಮೊದಲೇ ವಿಡಿಯೋ ಊರು ಸೇರಿತ್ತು. ಚಹಾದಂಗಡಿಯಲ್ಲಿ ಒಬ್ಬ ಅದನ್ನು ಜೋರಾಗಿ ಹಚ್ಚಿ ನಕ್ಕದ್ದಕ್ಕೆ ಫಿರೋಜ್ ಅವನ ಕಾಲರ್ ಹಿಡಿದನಂತೆ. ಬಿಡಿಸಿದ್ದು ಪರಮಣ್ಣ. ನಾನು ಕ್ಲಾಸಿಗೆ ಹೋಗುವುದು ಬಿಟ್ಟೆ. ಯಾವ ಮುಖ ಹೊತ್ತು ಹೋಗಲಿ? ಕನ್ನಡಿ ನೋಡಿ, ಬೆಲ್ಟು ಹಾಕಿ, ಅವಸರ ಮಾಡಬೇಡಿ ಎಂದು ಕಲಿಸುವವನು ನಾನು. ನಿನ್ನ ಅವ್ವ ಮಾತ್ರ, “ನಗೂ ಮಂದಿ ನಾಕ್ ದಿನ ನಗ್ತಾರ, ಆಮ್ಯಾಲ ಅವರ ಹಲ್ಲs ನೋಯ್ತಾವ. ಎದ್ದು ರೊಟ್ಟಿ ಉಣ್ರಿ” ಅಂದಳು. ಟವೆಲು ಒಗೆದು ಮಡಚಿ ಇಟ್ಟಿದ್ದಾಳೆ. ಯಾರಿಗೆ, ಎಲ್ಲಿಗೆ ಮರಳಿಸಬೇಕೋ ತಿಳಿಯದು.

ಈ ಸೋಮವಾರ ನನ್ನ ಹತ್ತಿರ ಕಲಿಯುವ ದುರ್ಗಾದೇವಿ ಮನೆಗೇ ಬಂದಳು. ಅಂಗನವಾಡಿಯವಳು, ರಾಮಸಮುದ್ರದಿಂದ ಬರುತ್ತಾಳೆ. ಬಾಗಿಲಲ್ಲೇ ನಿಂತು, “ಮಾಸ್ತರ್, ನಾನೂ ನೋಡೀನ್ರಿ ವಿಡಿಯೋ. ನಕ್ಕೀನ್ರಿ ಭಾಳ. ಆದ್ರ ನನ್ನ ಟೆಸ್ಟ್ ಬಂದದ. ರಿವರ್ಸ್ ಇನ್ನಾ ಬರವಲ್ದು. ಎದ್ದು ಬರ್ರಿ” ಎಂದಳು. ಅಷ್ಟು ನೇರವಾಗಿ ಯಾರೂ ಮಾತಾಡಿರಲಿಲ್ಲ. ಹೋದೆ. ಎಲ್ ಬೋರ್ಡ್ ಸೀಟಿನ ಕೆಳಗೇ ಇತ್ತು, ತೆಗೆದು ಕಟ್ಟಿದೆ. ಆಕೆ ಎರಡು ಸಲ ಕಟ್ಟೆಗೆ ತಗುಲಿಸಿ ಮೂರನೆಯ ಸಲ ಸರಿಯಾಗಿ ಹಿಂದಕ್ಕೆ ತಂದಳು. ಈಗ ದಿನಾ ಹೋಗುತ್ತಿದ್ದೇನೆ. ಕೆಲವರು ಇನ್ನೂ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ, ಹಿಡಿಯಲಿ. ಭಾನುವಾರ ಮಾತ್ರ ಬೈಠಕ್ಕಿಗೆ ಹೋಗಿಲ್ಲ. ಮಿಯುರಾದ ಹೆಸರು ನನ್ನ ಬಾಯಿಗೆ ಇನ್ನೂ ಬರುತ್ತಿಲ್ಲ.

ಚಳಿ ಇದೆ, ಬೆಳಿಗ್ಗೆ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಕಿವಿಗೆ ಏನಾದರೂ ಸುತ್ತಿಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ಹೋದಲ್ಲೆಲ್ಲ ನಿನಗೆ ಮಾನ ಸಿಗಲಿ, ದಾರಿ ಸುಗಮವಾಗಲಿ, ಮನಸ್ಸು ತಣ್ಣಗಿರಲಿ ಎಂದು ನಾವಿಬ್ಬರೂ ಬೇಡಿಕೊಳ್ಳುತ್ತೇವೆ.

ನಿನ್ನ ಅಪ್ಪ,
ಮರಿಲಿಂಗಪ್ಪ

ತಾ.ಕ.: ಇದನ್ನು ಬರೆಯುವುದೋ ಬೇಡವೋ ಎಂದು ಕಾಗದ ಮಡಚಿ ಮತ್ತೆ ಬಿಚ್ಚಿದೆ. ಆ ಸವಾರಿಯ ವ್ಯವಸ್ಥೆ ನಿಮ್ಮ ಕಂಪನಿಯದೆಂದು ನನಗೆ ಮೊದಲು ಗೊತ್ತಿರಲಿಲ್ಲ. ಯಾದಗಿರಿಯ ಮೇಲೆಯೇ ಹಾಯುತ್ತೇನೆಂದು ಅವ್ವನಿಗಾದರೂ ಹೇಳಬಹುದಿತ್ತು. ಇರಲಿ, ಕೆಲಸದ ಗಡಿಬಿಡಿ ಇರುತ್ತದೆ. ನಾನು ಒಳಗೆ ಕೂತಿದ್ದಾಗ ಮುಂದಿನ ಗಾಜಿನಲ್ಲಿ ಆಲ್ಫಾದ ಹಿಂದೆ ಬಂದು ಎದುರಿಗೆ ನಿಂತ ಬಿಳಿ ವ್ಯಾನು ಕಂಡಿತು, ಅದರಿಂದ ಇಳಿದು ನೀರಿನ ಬಾಟಲಿ ಹಂಚುತ್ತಿದ್ದ ನೀನು ಕಂಡೆ. ನನ್ನ ಮಗಳು ಈ ಗಾಡಿಗಳ ಜೊತೆಗೆ ಬಂದಿದ್ದಾಳೆ ಎಂದು ಎದೆ ತುಂಬಿ, ನಿನ್ನ ಹತ್ತಿರ ಬರಬೇಕೆಂದೇ ಅಷ್ಟು ಅವಸರದಲ್ಲಿ ಇಳಿದೆ. ನಾನು ನೆಲದ ಮೇಲಿಂದ ತಲೆ ಎತ್ತಿದಾಗ ನೀನು ನನ್ನನ್ನು ನೋಡಿದೆ. ಆಮೇಲೆ ನಿನ್ನ ಮೊಬೈಲು ನೋಡಿಕೊಂಡೆ. ನೋವಾಗಲಿಲ್ಲ ಎಂದರೆ ಸುಳ್ಳು. ಆದರೆ ನಿನ್ನ ಮೇಲೆ ಸಿಟ್ಟಿಲ್ಲ. ಅಂಥ ಹೊತ್ತಿನಲ್ಲಿ, ಅಷ್ಟು ಜನರ ನಡುವೆ, ಅಪ್ಪಾ ಎನ್ನುವುದು ಸುಲಭವಲ್ಲ. ವಿಡಿಯೋದ ಎಡ ಮೂಲೆಯಲ್ಲಿ ಒಂದು ಕ್ಷಣ ನೀನು ಕಾಣುತ್ತೀ. ಅವ್ವನಿಗೆ ತೋರಿಸುವಾಗ ಆ ಮೂಲೆಯ ಮೇಲೆ ಹೆಬ್ಬೆರಳು ಇಟ್ಟುಕೊಂಡಿದ್ದೆ. ಫಿರೋಜ್ ನೋಡಿದನೋ ಇಲ್ಲವೋ, ಆ ಮಾತನ್ನು ಅವನೂ ಎತ್ತಿಲ್ಲ, ನಾನೂ ಎತ್ತಿಲ್ಲ.

ನನ್ನನ್ನು ಸುಡುತ್ತಿರುವುದು ಬೇರೆ. ನಾನು ಟವೆಲು ಸುತ್ತಿಕೊಳ್ಳುತ್ತಿದ್ದಾಗ ಡಾಕ್ಟರು ಮಾತು ಬದಲಿಸಲೆಂದು, ಮಕ್ಕಳೆಷ್ಟು ಚಾಚಾ ಎಂದು ಕೇಳಿದರು. ನೀನು ಅವರಿಗೆ ನೀರು ಕೊಡಲು ಅಲ್ಲಿಗೇ ಬಂದಿದ್ದೆ. ನಿನಗೆ ಕಷ್ಟವಾಗಬಾರದೆಂದು ನಾನು, ಇಲ್ಲ ಸಾಹೇಬ್, ಮಕ್ಕಳಿಲ್ಲ ಎಂದೆ. ಬಾಟಲಿ ಹಿಡಿದ ನಿನ್ನ ಕೈ ನಿಂತದ್ದನ್ನು ನೋಡಿದೆ. ನಕ್ಕವರ ನಗು ಎಂದಾದರೂ ಮರೆತೀತು. ಆ ಮಾತು ನನ್ನ ಬಾಯಿಂದ ಬಂದದ್ದು ಮರೆಯುತ್ತಿಲ್ಲ. ಇನ್ನೊಮ್ಮೆ ಯಾರಾದರೂ ಕೇಳಿದರೆ ಒಬ್ಬಳು ಮಗಳಿದ್ದಾಳೆ ಎಂದೇ ಹೇಳುತ್ತೇನೆ ಸುಮಿ, ನೀನು ಎದುರಿಗೇ ನಿಂತಿದ್ದರೂ.