ಸತ್ತವರಿಗೂ ಡೀಸೆಲ್ ಬೇಕು

ಇಂಧನ ಸರಬರಾಜು ಇಲಾಖೆಯ ಮಾನ್ಯ ಮುಖ್ಯಸ್ಥರೇ,

ಮೊನ್ನೆ ತಮ್ಮ ಕಚೇರಿಯ ಗೇಟಿನೆದುರೇ ನನ್ನ ವಾಹನ ಡೀಸೆಲ್ ಮುಗಿದು ನಿಂತಿತು. ಒಳಗೊಂದು ಹೆಣವಿತ್ತು. ಹೆಣ ಎಂದರೆ ತಮಗೆ ಕಸಿವಿಸಿಯಾಗಬಹುದು, ಪಾರ್ಥಿವ ಶರೀರ ಎನ್ನೋಣ. ನಾನು ನಗರಸಭೆಯ ಶವವಾಹನದ ಚಾಲಕ.

ಅಂದೇ ಬೆಳಗ್ಗೆ ಪತ್ರಿಕೆಯಲ್ಲಿ ತಮ್ಮ ಹೇಳಿಕೆ ಓದಿದ್ದೆ. ಎಣ್ಣೆಯ ಕೊರತೆ ಎಂಬುದು ಬರೀ ವದಂತಿ, ಬೆಲೆ ಏರಿದ್ದರಿಂದ ಬೇಡಿಕೆ ತಾನಾಗಿಯೇ ಹೊಂದಿಕೊಂಡಿದೆ ಎಂದು ಅಪ್ಪಣೆ ಕೊಡಿಸಿದ್ದಿರಿ. ಜಗತ್ತಿನ ಎಣ್ಣೆಬಾವಿಗಳು ಬತ್ತುತ್ತಿವೆ, ಉಳಿದದ್ದು ಆಳದಲ್ಲಿದೆ, ಅದನ್ನು ಮೇಲೆತ್ತುವ ಖರ್ಚು ವರ್ಷದಿಂದ ವರ್ಷಕ್ಕೆ ಏರುತ್ತಿದೆ. ಇದು ತಮ್ಮ ತಪ್ಪೆಂದು ಯಾರೂ ದೂರಿಲ್ಲ. ಆದರೆ ಕೊಳ್ಳಲಾಗದವನು ಸಾಲು ಬಿಟ್ಟು ಬರಿಗೈಯಲ್ಲಿ ಮನೆಗೆ ಹೋದರೆ, ತಮ್ಮ ಅರ್ಥಶಾಸ್ತ್ರ ಅದನ್ನು ಹೊಂದಿಕೆ ಎನ್ನುತ್ತದೆ. ಉಣ್ಣದೆ ಮಲಗಿದವನನ್ನು ನೋಡಿ ಅವನ ಹಸಿವು ಹೊಂದಿಕೊಂಡಿದೆ ಎನ್ನುತ್ತೀರಾ?

ನನ್ನ ವಾಹನದಲ್ಲಿದ್ದವರು ಪೇಟೆಯ ಹಳೆಯ ಟೈಲರ್. ಜೊತೆಗೆ ಬಂದವಳು ಅವರ ಮಗಳೊಬ್ಬಳೇ, ಶಾಲೆಯಲ್ಲಿ ಸಂಗೀತ ಕಲಿಸುವವಳು. ಉಳಿದ ನೆಂಟರು ಬಸ್ಸುಗಳಿಲ್ಲದೆ ತಮ್ಮ ತಮ್ಮ ಊರಲ್ಲೇ ಉಳಿದಿದ್ದರು. ಅವರ ದುಃಖವೂ ತಾನಾಗಿಯೇ ಹೊಂದಿಕೊಂಡಿರಬೇಕು.

ಸ್ಮಶಾನ ಇನ್ನೂ ಎರಡು ಮೈಲಿ ದೂರವಿತ್ತು. ತಮ್ಮ ಕಟ್ಟಡದ ಹಿಂದೆ ಜನರೇಟರ್ ಗುಡುಗುತ್ತಿತ್ತು. ಡೀಸೆಲ್ ಹೊಗೆ ಅಷ್ಟು ಘಮಘಮಿಸಿದ್ದನ್ನು ನಾನು ಕಂಡೇ ಇರಲಿಲ್ಲ. ಇಬ್ಬರೂ ಒಳಗೆ ಹೋದೆವು. ಒಂದು ಕ್ಯಾನು ಕೊಟ್ಟರೆ ಸಾಕೆಂದು ಕೇಳಿಕೊಂಡೆ. ತಮ್ಮ ಆಪ್ತ ಸಹಾಯಕರು ಎದ್ದು ನಿಂತು ಸಂತಾಪ ಸೂಚಿಸಿದರು, ಆಮೇಲೆ ಕುಳಿತು ನಿಯಮ ವಿವರಿಸಿದರು. ಜನರೇಟರ್ ಅಗತ್ಯ ಸೇವೆಯಂತೆ. ಎ.ಸಿ. ನಿಂತರೆ ಕಂಪ್ಯೂಟರುಗಳು ಬಿಸಿಯಾಗುತ್ತವಂತೆ. ಶವವಾಹನದ ಪಾಲು ಮುಂದಿನ ವಾರವಂತೆ.

“ನೋಡಮ್ಮ, ಬದುಕಿರೋರಿಗೇ ಸಾಲ್ತಿಲ್ಲ. ಅವರಿಗೆ ಈಗ ಏನು ಆತುರ?” ಎಂದರು.

“ಅಪ್ಪನಿಗೆ ಆತುರ ಇಲ್ಲ ಸಾರ್,” ಎಂದಳು ಅವಳು. “ಬಿಸಿಲಿಗೆ ಇದೆ.”

ಆ ತಣ್ಣನೆಯ ಕೋಣೆಯಲ್ಲಿ ಕುಳಿತವರಿಗೆ ಬಿಸಿಲು ಅರ್ಥವಾಗಲಿಲ್ಲ.

ಹೊರಗೆ ಬಂದೆವು. ಎದುರಿನ ಬಂಕಿನಲ್ಲಿ ಬೆಳಗಿನಿಂದ ಕಾದವರ ಸಾಲಿತ್ತು. ಒಳಗಿರುವುದು ಯಾರೆಂದು ಸ್ಕೂಟರಿನವನೊಬ್ಬ ಕೇಳಿದ. ಹೇಳಿದೆ. “ನನ್ನ ಮದುವೆ ಕೋಟು ಹೊಲಿದವರು,” ಎಂದು ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ ಸಾಲು ಬಿಟ್ಟು ಬಂದ. ಅವನ ಹಿಂದೆ ಇನ್ನೂ ಹತ್ತಾರು ಜನ ಬಂದು ವಾಹನ ತಳ್ಳಲು ಕೈಹಚ್ಚಿದರು. ಮಗಳಿಗೆ ಮುಂದೆ ಕೂತುಕೊಳ್ಳಮ್ಮ ಎಂದೆ. ಕೇಳಲಿಲ್ಲ. ಹಿಂಬಾಗಿಲಿಗೆ ಭುಜ ಕೊಟ್ಟು ಅಪ್ಪನನ್ನು ತಳ್ಳುತ್ತ ನಡೆದಳು. ಸ್ಟೇರಿಂಗ್ ಹಿಡಿದು ಕುಳಿತ ನನಗೆ ಕನ್ನಡಿ ನೋಡುವ ಧೈರ್ಯವಾಗಲಿಲ್ಲ.

ಅರ್ಧ ಮೈಲಿ ಹೋಗುವಷ್ಟರಲ್ಲಿ ಹಿಂದಿನಿಂದ ಹಾರ್ನ್ ಕೇಳಿಸಿತು. ತಮ್ಮದೇ ಕಾರು. ಪೊಲೀಸಿನವನು ಓಡಿಬಂದ. ಸಾಹೇಬರು ಊಟಕ್ಕೆ ಹೋಗಬೇಕು, ಸ್ವಲ್ಪ ಸೈಡಿಗೆ ತಳ್ಳಿ ಎಂದು ಮುಖ ತಗ್ಗಿಸಿಯೇ ಕೇಳಿಕೊಂಡ. ತಳ್ಳಿದೆವು. ಚಕ್ರ ಚರಂಡಿಗೆ ಇಳಿಯಿತು. ತಮ್ಮ ಕಾರು ಹೋಯಿತು, ಅದರ ಹಿಂದೆ ಇನ್ನೊಂದು ಸರ್ಕಾರಿ ಕಾರು, ಚಾಲಕನ ಹೊರತು ಪೂರ್ತಿ ಖಾಲಿ. ಅದು ಯಾರನ್ನು ಊಟಕ್ಕೆ ಕರೆದೊಯ್ಯುತ್ತಿತ್ತು, ಸ್ವಾಮಿ?

ಚರಂಡಿಯಿಂದ ವಾಹನ ಎತ್ತಿದೆವು. ಹೊತ್ತು ಇಳಿಯುವಾಗ ಟೈಲರನ್ನು ಮಣ್ಣು ಮಾಡಿದೆವು. ಮಗಳು ತಳ್ಳಿದವರ ಮುಂದೆಲ್ಲ ನಿಂತು ಕೈಮುಗಿದಳು. ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳು ಆಗ ಬಂತು. ಅವರೆಲ್ಲ ಮರಳಿ ಬಂಕಿಗೆ ಹೋದಾಗ ಸ್ಟಾಕ್ ಇಲ್ಲ ಎಂಬ ಬೋರ್ಡು ತೂಗುತ್ತಿತ್ತು.

ಬತ್ತಿದ ಬಾವಿಗೆ ಎಣ್ಣೆ ತುಂಬಿಸಿಕೊಡಿ ಎಂದು ನಾನು ಕೇಳುತ್ತಿಲ್ಲ. ಎಣ್ಣೆ ಕಡಿಮೆಯಾಗುತ್ತಿದೆ, ಇನ್ನೂ ಕಡಿಮೆಯಾಗಲಿದೆ ಎಂದು ತಮ್ಮ ಬಾಯಿಂದಲೇ ಹೇಳಿ. ಇರುವಷ್ಟು ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂಬುದನ್ನು ಆ ತಣ್ಣನೆಯ ಕೋಣೆ ಬಿಟ್ಟು ಬಂದು, ಸಾಲಿನಲ್ಲಿ ನಿಂತವರ ಎದುರೇ ತೀರ್ಮಾನಿಸಿ. ಅದಕ್ಕೂ ಮೊದಲು ಆ ಖಾಲಿ ಕಾರಿನ ಡೀಸೆಲ್ಲನ್ನು ನಾಳೆಯೇ ಶವಾಗಾರಕ್ಕೆ ಕಳಿಸಿ. ಅಲ್ಲಿ ಮೂವರು ಕಾಯುತ್ತಿದ್ದಾರೆ.

ಇಂತಿ,
ಸರದಿ ಬಂದ ದಿನ ತಮ್ಮನ್ನೂ ಕರೆದೊಯ್ಯಬೇಕಾದ
ಶವವಾಹನದ ಚಾಲಕ
(ಡೀಸೆಲ್ ಸಿಕ್ಕರೆ)