ಬೆನ್ನಿಗೆ ಬೇಡದ ಕಾಲು

ತಿ. ನರಸೀಪುರ
೧೮-೧-೧೯೭೯

ಚಿ|| ಸೌ|| ಚಂಪಕಳಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

ನೀನೂ ಮಹದೇವನೂ ನಂಜನಗೂಡಿನಲ್ಲಿ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಿನ್ನಮ್ಮ ನನಗೆ ಕಾಣದಂತೆ ಓದುವ ಕಾಗದದಲ್ಲಿ ನಿನಗೆ ಕೆಮ್ಮೆಂದು ಇತ್ತು, ಹೋಯಿತೇ? ಇಲ್ಲಿ ನನ್ನ ಸೊಂಟವೊಂದು ಬಿಟ್ಟು ಮಿಕ್ಕದ್ದೆಲ್ಲ ಕ್ಷೇಮ. ನಾಲ್ಕು ವರ್ಷದ ಮೇಲೆ ಅಪ್ಪ ಬರೆದನೆಂದು ಹಿಗ್ಗಬೇಡ. ನಿನ್ನಮ್ಮನ ಕಾಟ ತಡೆಯಲಾರದೆ ಬರೆಯುತ್ತಿದ್ದೇನೆ.

ದೀಪಾವಳಿಯಲ್ಲಿ ಹಿಡಿದ ನೋವು ಸೊಂಟದಿಂದ ಎಡ ಹಿಮ್ಮಡಿಯವರೆಗೆ ಇಳಿದಿದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವ್ಯಾಕರಣ ಕಲಿಸಿದವನು ಈಗ ಪಂಚೆ ಉಡಲು ಗೋಡೆ ಹಿಡಿಯಬೇಕು. ಬೀದಿಯವರೆಲ್ಲ ವೈದ್ಯರಾದರು. ಎದುರುಮನೆ ಗೋವಿಂದಯ್ಯ ವಾಯು ಎಂದ. ಅವನಿಗೆ ಜ್ವರವೂ ವಾಯು, ಮಗ ಫೇಲಾದದ್ದೂ ವಾಯು. ಅವನ ಎಣ್ಣೆಯಿಂದ ಹಾಸಿಗೆ ಜಿಡ್ಡಾಯಿತೇ ಹೊರತು ಬೇರೇನೂ ಆಗಲಿಲ್ಲ. ನಿನ್ನಮ್ಮನದು ಒಂದೇ ರಾಗ: "ಚಂಪಕ ಕಾಲು ಮುಂದಾಗಿ ಹುಟ್ಟಿದೋಳು. ಅಂಥೋರು ಬೆನ್ನಿಗೆ ಮೂರು ಸಲ ಒದ್ರೆ ನೋವು ಹೋಗತ್ತೆ ಕಣ್ರೀ, ಕರೆಸಿ." ನೀನು ಮಹದೇವನ ಕೈ ಹಿಡಿದ ದಿನ ಈ ಮನೆಗೆ ಕಾಲಿಡಬೇಡ ಎಂದವನು ನಾನು, ಈಗ ಅದೇ ಕಾಲಿನಿಂದ ಒದೆಸಿಕೊಳ್ಳಬೇಕಂತೆ. ನಿನಗೆ ಐದು ವರ್ಷವಿದ್ದಾಗ ಹೆಮ್ಮಿಗೆಯ ಜವರಯ್ಯ ಸೊಂಟ ಉಳುಕಿಸಿಕೊಂಡು ಬಂದು, ನಮ್ಮ ಜಗುಲಿಯ ಮೇಲೆ ಬೋರಲು ಮಲಗಿ, "ಒಂದ್ಸಲ ಒದ್ಬುಡವ್ವ" ಎಂದು ಗೋಗರೆದ. ನೀನು ಒದೆಯದೆ ಅವನ ಬೆನ್ನ ಮೇಲೆ ಕುಳಿತು ಚಕ್ಕುಲಿ ತಿಂದೆ. ಅಷ್ಟಕ್ಕೇ ವಾಸಿಯಾಯಿತೆಂದು ಎದ್ದು ಹೋದ, ದಡ್ಡ.

ಕಡೆಗೆ ಮೈಸೂರಿಗೆ ಹೋದೆ. ನನ್ನ ಶಿಷ್ಯರಿಗಿಂತ ಚಿಕ್ಕವನೊಬ್ಬ ಡಾಕ್ಟರು, ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನನಗೇ ಪಾಠ ಮಾಡಿದ. ಮೂಳೆ ಮೂಳೆಯ ನಡುವಿನ ಮೆತ್ತೆ ನೀರಾರಿ, ಹಳೇ ಹಾಸಿಗೆಯ ಹತ್ತಿಯಂತೆ ಚಪ್ಪಟೆಯಾಗಿದೆಯಂತೆ. ಮೂಳೆಯ ಅಂಚು ಬೆಳೆದು ಕಾಲಿಗಿಳಿಯುವ ನರವನ್ನು ಒತ್ತುತ್ತಿದೆಯಂತೆ. ಅರವತ್ತು ದಾಟಿದ ಮೇಲೆ ಈ ಸವೆತ ಸಹಜವಂತೆ. ಸಹಜ ಎನ್ನಲು ಎಕ್ಸ್‌ರೇ ಬೇಕಿತ್ತೇ? ಸವೆದದ್ದು ಮತ್ತೆ ತುಂಬುವುದಿಲ್ಲ; ಮಲಗಿಬಿಟ್ಟರೆ ಸೊಂಟ ಇನ್ನೂ ಬಿಗಿಯುತ್ತದೆ, ದಿನಾ ನಡೆಯಬೇಕು, ಬಗ್ಗಿ ಭಾರ ಎತ್ತಬಾರದು, ಬಿಸಿನೀರಿನ ಶಾಖ ಕೊಡಬೇಕು ಎಂದ. ನಿನ್ನಮ್ಮ ಅಲ್ಲಿಯೂ ಬಿಡದೆ ಒದೆಸುವ ವಿಚಾರ ಕೇಳಿದಳು. "ಯಾರ ಕಾಲೂ ಸೋಕಿಸ್ಬೇಡಿ ಅಮ್ಮ, ನರಕ್ಕೆ ಪೆಟ್ಟು ಬೀಳುತ್ತೆ" ಎಂದ. ಅವನು ಆಡಿದ ಬುದ್ಧಿಯ ಮಾತು ಅದೊಂದೇ. ಬಸ್ಸಿನುದ್ದಕ್ಕೂ ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಿನ್ನನ್ನು ಕರೆಸಲು ಅವಳಿಗಿದ್ದ ನೆಪ ಹೋಗಿತ್ತು. ಅದು ತಿಳಿಯದಷ್ಟು ಪೆದ್ದನಲ್ಲ ನಾನು.

ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ. ಮಹದೇವನಿಗೆ ನಾನು ಕೇಳಿದೆನೆಂದು ಹೇಳು, ಹೇಳದಿದ್ದರೂ ನಡೆಯುತ್ತದೆ.

ಇಂತು ನಿನ್ನ ಅಪ್ಪ,
ಚಕ್ರಪಾಣಿ

ವಿ.ಸೂ.: ನಂಜನಗೂಡಿನ ಬಸ್ಸು ಇಲ್ಲಿಗೆ ಹತ್ತೂವರೆಗೆ ಬರುತ್ತದೆ. ಡಾಕ್ಟರು ನಡೆಯಲು ಹೇಳಿದ್ದಾರಲ್ಲ, ಒಂದು ವಾರದಿಂದ ದಿನಾ ಆ ಹೊತ್ತಿಗೆ ಬಸ್ ಸ್ಟ್ಯಾಂಡಿನವರೆಗೆ ಹೋಗಿಬರುತ್ತಿದ್ದೇನೆ. ಬೆನ್ನಿಗೆ ನಿನ್ನ ಕಾಲು ಬೇಡ. ಮನೆಗೆ ಇಡು.