ನನ್ನ ತುರ್ತು ಸಂಪರ್ಕ ನಾನೇ ಆದ ಬಗ್ಗೆ

ಹಿರಿಯ ವಿದೇಶಿ ನಿವಾಸಿಗಳ ಸುರಕ್ಷತಾ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ಕಟ್ಟಡದಲ್ಲಿರುವ ಆರು ಜನ ಮುದುಕ ಮುದುಕಿಯರನ್ನು ಹುಟ್ಟಿದ ತಿಂಗಳ ಪ್ರಕಾರ ವಿಂಗಡಿಸಿ, ಊರಾಚೆಯ ಮೇಲ್ವಿಚಾರಣಾ ವಸತಿಯ ಬೇರೆ ಬೇರೆ ಬ್ಲಾಕುಗಳಿಗೆ ಸಾಗಿಸುವುದಾಗಿ ತಾವು ಕಳಿಸಿದ ನೋಟೀಸು ತಲುಪಿದೆ. ನಾವೇನು ಗೋದಾಮಿಗೆ ಬಂದ ಔಷಧಿ ಡಬ್ಬಿಗಳೇ, ತಯಾರಾದ ತಿಂಗಳು ನೋಡಿ ಕಪಾಟಿನಲ್ಲಿ ಜೋಡಿಸಲಿಕ್ಕೆ? ವೈದ್ಯಕೀಯ ತಪಾಸಣೆಗೆ ಅನುಕೂಲವಾಗಲೆಂದು ಈ ವ್ಯವಸ್ಥೆ ಎಂದು ಬರೆದಿದ್ದೀರಿ. ನಮ್ಮ ಕಟ್ಟಡದ ನೆಲಮಹಡಿಯಲ್ಲಿ ನಿವೃತ್ತ ಬೇಕರಿ ದಂಪತಿ ಇದ್ದಾರೆ. ಗಂಡ ಹುಟ್ಟಿದ್ದು ಮಾರ್ಚಿನಲ್ಲಿ, ಹೆಂಡತಿ ನವೆಂಬರಿನಲ್ಲಿ. ಐವತ್ತನಾಲ್ಕು ವರ್ಷ ಒಂದೇ ಒಲೆಯ ಮುಂದೆ ಬೆವರಿದವರನ್ನು ಈಗ ತಾವು ಮೂರನೇ ಬ್ಲಾಕು, ಹನ್ನೊಂದನೇ ಬ್ಲಾಕು ಎಂದು ಬೇರೆ ಮಾಡಲು ಹೊರಟಿದ್ದೀರಿ. ನ್ಯಾಯಾಲಯಕ್ಕೂ ಹೋಗದೆ, ಜಗಳವನ್ನೂ ಆಡದೆ ಇಷ್ಟು ಸಲೀಸಾಗಿ ವಿಚ್ಛೇದನ ಸಿಗುವ ಕಚೇರಿ ಬೇರೊಂದಿರಲಾರದು.

ನಮ್ಮ ಅಪರಾಧವೇನೆಂದು ಈ ಪತ್ರ ಓದುವ ಸಾರ್ವಜನಿಕರಿಗೂ ತಿಳಿಯಲಿ. ಹೋದ ವರ್ಷ ತಾವೊಂದು ನಿಯಮ ತಂದಿರಿ. ಎಪ್ಪತ್ತು ದಾಟಿದ ಪ್ರತಿ ವಿದೇಶಿ ನಿವಾಸಿ ಕೈಗೆ ಕೆಂಪು ಗುಂಡಿಯ ಪಟ್ಟಿ ಕಟ್ಟಿಕೊಳ್ಳಬೇಕು. ಅಪಾಯವಾದರೆ ಗುಂಡಿ ಒತ್ತಬೇಕು. ಒತ್ತಿದ ಕೂಡಲೇ ತಮ್ಮ ಕಚೇರಿಯ ಯಂತ್ರ, ನಾವು ಮೊದಲೇ ಬರೆದುಕೊಟ್ಟ 'ತುರ್ತು ಸಂಪರ್ಕ ವ್ಯಕ್ತಿ'ಗೆ ಫೋನ್ ಮಾಡುತ್ತದೆ. ಆ ವ್ಯಕ್ತಿ ಎತ್ತದಿದ್ದರೆ ಅವರ ಸಂಪರ್ಕ ವ್ಯಕ್ತಿಗೆ, ಅವರೂ ಎತ್ತದಿದ್ದರೆ ಅವರಾಚೆಯವರಿಗೆ. ಕೇಳಲು ಬಹಳ ಚೆನ್ನಾಗಿದೆ. ಆದರೆ ನಮ್ಮಂಥವರಿಗೆ ಈ ಊರಿನಲ್ಲಿ ಯಾರಿದ್ದಾರೆ ಹೇಳಿ. ದುಡಿಯಲು ಬಂದೆವು, ದುಡಿದು ಮುಗಿಸಿದೆವು, ಇಲ್ಲಿಯೇ ಉಳಿದೆವು. ನಮ್ಮ ಭಾಷೆ ಆಡುವ ಆರು ಜನ ಒಂದೇ ಕಟ್ಟಡದಲ್ಲಿ ಒಟ್ಟಾದೆವು. ಎರಡನೇ ಮಹಡಿಯ ಗಣಿತದ ಮೇಷ್ಟ್ರು ಕೈವಾರ ತಂದು, ಹಾಳೆಯ ಮೇಲೆ ದುಂಡಗೆ ವೃತ್ತ ಎಳೆದು, ಅದರ ಸುತ್ತ ನಮ್ಮ ಆರು ಜನರನ್ನು ಕೂರಿಸಿದರು.

"ನೋಡಿ, ಎಲ್ರಿಗೂ ಒಬ್ಬೊಬ್ರು ಸಿಕ್ಕಿದ್ರು. ಯಾರಿಗೂ ಎರಡು ಹೊರೆ ಇಲ್ಲ, ಯಾರೂ ಬಿಟ್ಟುಹೋಗಿಲ್ಲ," ಎಂದರು.

ನನಗೆ ನನ್ನ ಓರಗಿತ್ತಿ. ಆಕೆಗೆ ನನ್ನ ಎದುರು ಮನೆಯವರು, ಕ್ರೇನ್ ಓಡಿಸಿ ನಿವೃತ್ತರಾಗಿ ನಮಗೆಲ್ಲ ಕ್ರೇನ್ ಭಾವ ಆದವರು. ಅವರಿಗೆ ಬೇಕರಿಯ ಗಂಡ, ಗಂಡನಿಗೆ ಹೆಂಡತಿ, ಹೆಂಡತಿಗೆ ಮೇಷ್ಟ್ರು. ಮೇಷ್ಟ್ರಿಗೆ ನಾನು. ಎಷ್ಟು ಸುಂದರವಾಗಿತ್ತೆಂದರೆ ಮೇಷ್ಟ್ರು ಆ ಹಾಳೆಗೆ ಚೌಕಟ್ಟು ಹಾಕಿಸಬೇಕೆಂದಿದ್ದರು. ಮೂವತ್ತೆಂಟು ವರ್ಷ ಪಾಠ ಹೇಳಿದ ಮನುಷ್ಯ, ವೃತ್ತಕ್ಕೆ ಕೊನೆಯಿಲ್ಲ ಎಂಬುದನ್ನು ಮಾತ್ರ ಆ ದಿನ ಮರೆತಿದ್ದರು. ತಮ್ಮ ಕಚೇರಿಯೂ ಆರು ನಮೂನೆಗಳಿಗೆ ಠಪ್ಪೆಂದು ಮುದ್ರೆ ಒತ್ತಿ ಕಳಿಸಿತು. ಓದಿ ಒತ್ತಿದರೋ, ಒತ್ತಿ ಓದಿದರೋ, ನಾನರಿಯೆ.

ಇನ್ನು ಆ ದಿನದ ಘಟನೆ. ಬೆಳಿಗ್ಗೆ ಹತ್ತೂವರೆ. ನಾನು ಸ್ನಾನ ಮುಗಿಸಿ, ನೈಟಿ ಹಾಕಿಕೊಂಡು ಚಿಲಕ ಎಳೆದೆ. ಚಿಲಕದ ಹಿಡಿ ನನ್ನ ಕೈಗೆ ಬಂತು, ಚಿಲಕ ಬಾಗಿಲಲ್ಲೇ ಉಳಿಯಿತು. ಕಿಟಕಿಯೋ, ಒಂದು ತಟ್ಟೆಯಷ್ಟು ಅಗಲ. ನನ್ನಲ್ಲಿ ಆಚೆ ತೂರಬಹುದಾದ್ದು ಕೈಯೊಂದೇ. ಮೂವತ್ತೊಂದು ವರ್ಷ ಆಸ್ಪತ್ರೆಯ ಆಪರೇಷನ್ ಕೊಠಡಿಯಲ್ಲಿ ನರ್ಸಾಗಿದ್ದವಳು ನಾನು, ಗಾಬರಿಯಾಗುವ ಜಾಯಮಾನ ನನ್ನದಲ್ಲ. ನಿಯಮದ ಪ್ರಕಾರ ಕೆಂಪು ಗುಂಡಿ ಒತ್ತಿ, ಬಚ್ಚಲ ಸ್ಟೂಲಿನ ಮೇಲೆ ಕುಳಿತುಕೊಂಡೆ.

ತಮ್ಮ ಯಂತ್ರ ಕೆಲಸ ಶುರು ಮಾಡಿತು. ಮೊದಲು ಓರಗಿತ್ತಿಗೆ ಫೋನ್ ಹೋಯಿತು. ಫೋನಿನಿಂದ ತಲೆನೋವು ಬರುತ್ತದೆಂದು ಆಕೆ ಅದನ್ನು ಟವೆಲಿನಲ್ಲಿ ಸುತ್ತಿ ಬೀರುವಿನಲ್ಲಿಟ್ಟಿರುತ್ತಾಳೆ. ಅಲ್ಲಿಂದ ಕ್ರೇನ್ ಭಾವನಿಗೆ. ಬೆಳಗಿನ ಹೊತ್ತು ಕಿವಿಗೂ ವಿಶ್ರಾಂತಿ ಬೇಕೆಂದು ಅವರು ಕಿವಿಯ ಯಂತ್ರವನ್ನು ತೆಗೆದು ಮೇಜಿನ ಮೇಲಿಟ್ಟಿದ್ದರು. ಬೇಕರಿ ದಂಪತಿ ವಾಕಿಂಗ್ ಹೋಗಿದ್ದರು. ಫೋನ್ ಕಳೆದುಹೋಗಬಾರದೆಂದು ಎರಡನ್ನೂ ಜೋಪಾನವಾಗಿ ಮನೆಯಲ್ಲೇ ಬಿಟ್ಟಿದ್ದರು. ಮೇಷ್ಟ್ರು ಗುರುತಿಲ್ಲದ ನಂಬರನ್ನು ಎತ್ತುವುದಿಲ್ಲ. ಹಿಂದೊಮ್ಮೆ ಯಾರೋ ಫೋನ್ ಮಾಡಿ ನಿಮಗೆ ಕಾರು ಬಹುಮಾನ ಬಂದಿದೆ ಎಂದಿದ್ದರಂತೆ. ಕಾರು ಬರಲಿಲ್ಲ, ಮೇಷ್ಟ್ರ ಸಿಟ್ಟು ಹೋಗಲಿಲ್ಲ.

ಆಗ, ಮಾನ್ಯರೇ, ನನ್ನ ನೈಟಿಯ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಅಬ್ಬ, ನೆರವು ಬಂತು ಎಂದು ಎತ್ತಿದೆ. ಒಬ್ಬ ಹೆಣ್ಣುಮಗಳ ಧ್ವನಿ, ಯಂತ್ರದ್ದೇ ಆದರೂ ಬಹಳ ಮೃದು. "ನಮಸ್ಕಾರ. ನಿಮ್ಮ ಹತ್ತಿರದಲ್ಲಿರುವ ಹಿರಿಯರೊಬ್ಬರು ಅಪಾಯದಲ್ಲಿದ್ದಾರೆ. ಅವರ ನೆರವಿಗೆ ಹೋಗಲು ನೀವು ಸಿದ್ಧರಿದ್ದರೆ ಒಂದನ್ನು ಒತ್ತಿ."

ನಾನು ಏನು ಮಾಡಬೇಕಿತ್ತು? ಇಡೀ ಆಯುಷ್ಯ ಒಬ್ಬ ರೋಗಿಗೂ ಇಲ್ಲ ಅನ್ನದವಳು, ನನಗೇ ಇಲ್ಲ ಅನ್ನಲೇ? ಒಂದನ್ನು ಒತ್ತಿದೆ.

"ಧನ್ಯವಾದಗಳು. ನೆರವು ಹೊರಟಿದೆ. ಈ ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ," ಎಂದಿತು ಧ್ವನಿ. ಫೋನಿನಲ್ಲಿ ಉಳಿದಿದ್ದ ಚಾರ್ಜು ಆ ಧನ್ಯವಾದಕ್ಕೇ ಸರಿಹೋಯಿತು. ಮತ್ತೆ ಗುಂಡಿ ಒತ್ತಿದೆ, ಅದು ಮಿನುಗಲೇ ಇಲ್ಲ. ಮುಕ್ತಾಯವಾದ ಪ್ರಕರಣವನ್ನು ಇಪ್ಪತ್ತನಾಲ್ಕು ಗಂಟೆ ಮತ್ತೆ ತೆರೆಯುವಂತಿಲ್ಲವೆಂದು ಆಮೇಲೆ ತಿಳಿಯಿತು.

ನಿಜ ಹೇಳುತ್ತೇನೆ, ಆಗ ನನಗೆ ಭಯವಾಯಿತು. ಬಿದ್ದರೆ, ಎದೆ ಹಿಡಿದುಕೊಂಡರೆ, ನಾಳೆ ಬೆಳಿಗ್ಗೆಯವರೆಗೆ ಯಾರಿಗೂ ತಿಳಿಯದಿದ್ದರೆ ಎಂದೆಲ್ಲ ಯೋಚನೆ ಬಂತು. ಎದ್ದು, ಹಿತ್ತಾಳೆಯ ತಂಬಿಗೆ ತೆಗೆದುಕೊಂಡು ನೀರಿನ ಪೈಪಿಗೆ ಬಾರಿಸತೊಡಗಿದೆ. ಆ ಪೈಪು ನೇರವಾಗಿ ಕೆಳಗಿನ ಮಹಡಿಯ ಓರಗಿತ್ತಿಯ ಅಡುಗೆಮನೆಗೆ ಇಳಿಯುತ್ತದೆ. ನಾವಿಬ್ಬರೂ ಅಣ್ಣ ತಮ್ಮಂದಿರನ್ನು ಮದುವೆಯಾಗಿ, ಇಬ್ಬರೂ ಅವರನ್ನು ಕಳೆದುಕೊಂಡು, ಮಧ್ಯದಲ್ಲಿ ನಲವತ್ತು ವರ್ಷ ಕಚ್ಚಾಡಿದವರು. ಆಕೆ ನೆರವಿಗೆಂದು ಬರಲಿಲ್ಲ, ಜಗಳಕ್ಕೆಂದೇ ಬಂದಳು. ನಮ್ಮ ಎಲ್ಲ ಮನೆಗಳ ಬೀಗದ ಕೈಗಳೂ ಎಲ್ಲರಲ್ಲಿರುವುದರಿಂದ ಒಳಗೆ ಬರುವುದು ಕಷ್ಟವಾಗಲಿಲ್ಲ.

"ಏನೇ ನಿಂದು ಬೆಳಬೆಳಿಗ್ಗೆ? ನನ್ನ ಗೋಡೆ ಗಾಜೆಲ್ಲಾ ನಡುಗ್ತಿದೆ."

"ಅಕ್ಕ, ಚಿಲಕ ಮುರಿದಿದೆ. ಆಚೆ ಬರೋಕಾಗ್ತಿಲ್ಲ."

ಆಮೇಲೆ ಆಕೆ ಬಾಗಿಲಿಗೆ ಒರಗಿ ನೆಲದ ಮೇಲೆ ಕುಳಿತದ್ದು ಕೇಳಿಸಿತು. ಮಂಡಿನೋವಿನ ಹೆಂಗಸು, ನೆಲಕ್ಕೆ ಕುಳಿತರೆ ಏಳಲು ಇಬ್ಬರು ಬೇಕು. ಕುಳಿತಲ್ಲಿಂದಲೇ ಎದುರು ಮನೆಯತ್ತ ಕೂಗು ಹಾಕಿದಳು. ಕಿವಿಯ ಯಂತ್ರವಿಲ್ಲದ ಕ್ರೇನ್ ಭಾವನಿಗೂ ಕೇಳಿಸಿತೆಂದರೆ ಆ ಕೂಗು ಎಂಥದ್ದೆಂದು ಊಹಿಸಿಕೊಳ್ಳಿ. ಮೇಷ್ಟ್ರು ಮೇಲೆ ಬಂದರು, ವಾಕಿಂಗ್ ಮುಗಿಸಿದ ಬೇಕರಿಯವರೂ ಬಂದರು. ಭಾವ ಸುತ್ತಿಗೆ, ತಿರುಪುಳಿ ತಂದು ಬಾಗಿಲಿನ ಕೀಲುಗಳನ್ನು ಒಂದೊಂದಾಗಿ ಬಿಚ್ಚಿದರು. ನಲವತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಓರಗಿತ್ತಿ ಆಚೆಯಿಂದ ನನ್ನನ್ನು ಬೈಯುತ್ತಲೇ ಇದ್ದಳು.

"ಹೋದ ವರ್ಷನೇ ಹೇಳಿದ್ದೆ ಚಿಲಕ ಹಾಕ್ಕೋಬೇಡ ಅಂತ. ಒಬ್ಳೇ ಇರೋ ಮನೇಲಿ ಯಾರು ನೋಡ್ತಾರೆ ನಿನ್ನ? ಏಯ್, ಕೇಳಿಸ್ತಿದ್ಯಾ? ಉತ್ತರ ಕೊಡು."

"ಕೇಳಿಸ್ತಿದೆ ಅಕ್ಕ."

"ಹಾಗಾದ್ರೆ ಹೂಂ ಅಂತಿರು. ಸುಮ್ನಾಗ್ಬೇಡ."

ಅದೇ ಬೈಗುಳಗಳನ್ನು ನಲವತ್ತು ವರ್ಷ ಕೇಳಿ ರೋಸಿಹೋಗಿದ್ದವಳಿಗೆ ಆ ದಿನ ಅವು ಎಷ್ಟು ಹಿತವಾಗಿದ್ದವೆಂದು ಆಕೆಗೆ ನಾನು ಇಂದಿಗೂ ಹೇಳಿಲ್ಲ. ತಮ್ಮ ಕಚೇರಿಯ ಮೂಲಕ ಹೇಳುತ್ತಿದ್ದೇನೆ. ಆಕೆ ಬೈಯುತ್ತಿದ್ದಷ್ಟು ಹೊತ್ತು ನನಗೆ ಸಾವಿನ ಯೋಚನೆ ಬರಲಿಲ್ಲ.

ವಾರದ ಮೇಲೆ ತಮ್ಮಿಂದ ನನಗೊಂದು ಪ್ರಶಂಸಾ ಪತ್ರ ಬಂತು. ಕರೆ ಬಂದ ಒಂದೇ ಸೆಕೆಂಡಿನಲ್ಲಿ ಸ್ಥಳಕ್ಕೆ ತಲುಪಿ ಹಿರಿಯ ಮಹಿಳೆಯೊಬ್ಬರನ್ನು ರಕ್ಷಿಸಿದ್ದಕ್ಕಾಗಿ, ಈ ವರ್ಷದ ಅತ್ಯಂತ ಚುರುಕಿನ ಸಂಪರ್ಕ ವ್ಯಕ್ತಿ ನಾನೇ ಎಂದು. ಕೆಳಗೆ ತಮ್ಮ ಸಹಿ. ಓರಗಿತ್ತಿ ಅದನ್ನು ನೋಡಿ ಮೂರು ದಿನ ಮಾತು ಬಿಟ್ಟಳು. ಬಾಗಿಲ ಬಳಿ ಕುಳಿತವಳು ತಾನು, ಕಾಗದ ಬಂದದ್ದು ನನಗೆ ಎಂದು. ಮುಂದಿನ ವಾರ ಯಾರೋ ಲೆಕ್ಕ ಪರಿಶೋಧಕರು, ರಕ್ಷಿಸಿದವಳೂ ರಕ್ಷಿತಳೂ ಒಬ್ಬಳೇ ಎಂದು ಪತ್ತೆ ಹಚ್ಚಿರಬೇಕು. ಆಗ ಬಂದದ್ದು ಈ ನೋಟೀಸು. ನಮ್ಮ ಆರೂ ನೇಮಕಗಳು ರದ್ದು. ಮೂವತ್ತು ದಿನಗಳೊಳಗೆ ಪ್ರತಿಯೊಬ್ಬರೂ ಐವತ್ತು ವರ್ಷದೊಳಗಿನ, ಈ ದೇಶದಲ್ಲೇ ಹುಟ್ಟಿದ, ಹದಿನೈದು ನಿಮಿಷದ ನಡಿಗೆಯೊಳಗಿರುವ ವ್ಯಕ್ತಿಯನ್ನು ಸೂಚಿಸಬೇಕು. ತಪ್ಪಿದರೆ ವಸತಿ, ಬ್ಲಾಕು, ಹುಟ್ಟಿದ ತಿಂಗಳು.

ನಾನು ತಮ್ಮ ಕಚೇರಿಗೂ ಬಂದಿದ್ದೆ. ಟೋಕನ್ ಯಂತ್ರ ಒಂದು ಚೀಟಿ ಉಗುಳಿತು, ಎರಡು ಗಂಟೆ ಕುಳಿತೆ. ಕೌಂಟರಿನ ಹುಡುಗಿ ಪಾಪ ಒಳ್ಳೆಯವಳು.

"ಅಮ್ಮಾ, ನಿಮಗೆ ಐವತ್ತರ ಒಳಗಿನವರು ಯಾರೂ ಗೊತ್ತಿಲ್ವಾ?" ಎಂದಳು.

"ಬೇಕಾದಷ್ಟು ಜನ ಗೊತ್ತಿದ್ರು ತಾಯಿ. ಎಲ್ರಿಗೂ ವಯಸ್ಸಾಗ್ಹೋಯ್ತು," ಎಂದೆ.

ಸುಳ್ಳಲ್ಲ. ಬೇಕರಿಯವರ ಮಗಳು ಇದೇ ಊರಿನಲ್ಲಿ ಹುಟ್ಟಿದವಳು, ಹತ್ತಿರದಲ್ಲೇ ಇದ್ದಾಳೆ, ಆದರೆ ಅವಳಿಗೇ ಐವತ್ತೆರಡು. ಇನ್ನುಳಿದವರನ್ನೂ ಕೇಳಿ ನೋಡಿದೆವು. ಹಲ್ಲಿನ ಡಾಕ್ಟರು, ಬಾಯಿಯ ಒಳಗಿನ ತುರ್ತಾದರೆ ಮಾತ್ರ ಒಪ್ಪುತ್ತೇನೆ ಎಂದರು. ಲಿಫ್ಟ್ ರಿಪೇರಿಯವನು ಧಾರಾಳವಾಗಿ ಒಪ್ಪಿದ. ಆದರೆ ನಮ್ಮ ಲಿಫ್ಟು ಕೆಟ್ಟಾಗ ಅವನು ಬಂದದ್ದು ಹತ್ತೊಂಬತ್ತು ದಿನಗಳ ಮೇಲೆ, ಅಷ್ಟು ಹೊತ್ತು ನೆಲದ ಮೇಲೆ ಬಿದ್ದಿರಲು ನಮಗೆ ಪುರುಸೊತ್ತಿಲ್ಲ. ಮೊದಲ ಮಹಡಿಯ ಯುವಕ ಸದಾ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡಿರುತ್ತಾನೆ. ಕ್ರೇನ್ ಭಾವನಾದರೋ ಬೆಳಿಗ್ಗೆ ಮಾತ್ರ ಕಿವುಡು, ಇವನು ಇಡೀ ದಿನ.

ಇಷ್ಟೆಲ್ಲ ತಾಪತ್ರಯ ಯಾಕೆ, ನಿವೃತ್ತಿಯಾದ ಮೇಲೆ ಊರಿಗೆ ಹೋಗಬಹುದಲ್ಲ ಎಂದು ತಮ್ಮ ನೋಟೀಸಿನ ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದಾರೆ. ಅಳಿಸಲು ಮರೆತಿರಬೇಕು. ಹೋಗಿ ಬಂದೆ, ಮಾನ್ಯರೇ. ಅಲ್ಲಿ ನನ್ನನ್ನು ಕಂಡವರೆಲ್ಲ 'ಯಾವಾಗ ವಾಪಸು?' ಎಂದು ಕೇಳಿದರು. ಇಲ್ಲಿಯ ಔಷಧಿ ಅಂಗಡಿಯವನು ಎರಡು ವಾರ ಕಾಣದಿದ್ದರೆ 'ಎಲ್ಲಿ ಹೋಗಿದ್ರಿ?' ಎನ್ನುತ್ತಾನೆ. ಎಲ್ಲಿ ಹೋಗಿದ್ದೆ ಎಂದು ಕೇಳುವವರಿರುವ ಕಡೆಯೇ ಮನೆ ಎಂದುಕೊಂಡವಳು ನಾನು.

ತಾವು ಸುರಕ್ಷತೆ ಎನ್ನುತ್ತೀರಿ. ಆ ದಿನ ಬಾಗಿಲು ಬಿಚ್ಚಿದವರಲ್ಲಿ ಯಾರಿಗೆ ಐವತ್ತು? ಐದು ಜನರ ವಯಸ್ಸು ಕೂಡಿದರೆ ಮುನ್ನೂರ ಎಂಬತ್ತು ದಾಟುತ್ತದೆ, ಮಂಡಿಗಳಲ್ಲಿ ನೆಟ್ಟಗಿರುವುದು ಎರಡೋ ಮೂರೋ. ಆದರೂ ಬಂದರು. ತಮ್ಮ ಯಂತ್ರ ಕರೆದದ್ದಕ್ಕೆ ಬಂದವರಲ್ಲ, ತಂಬಿಗೆಯ ಸದ್ದಿಗೆ, ಓರಗಿತ್ತಿಯ ಗಂಟಲಿಗೆ ಬಂದವರು. ಇವರನ್ನು ನನ್ನಿಂದ ಬೇರೆ ಮಾಡಿ, ನನ್ನ ತಿಂಗಳಲ್ಲಿ ಹುಟ್ಟಿದ ಅಪರಿಚಿತರ ನಡುವೆ ಇಟ್ಟು, ಕೈಗೊಂದು ಗುಂಡಿ ಕಟ್ಟಿದರೆ ನಾನು ಸುರಕ್ಷಿತಳೇ? ಆ ಬ್ಲಾಕಿನಲ್ಲಿ ಯಾರು ನನ್ನನ್ನು 'ಹೂಂ ಅಂತಿರು' ಎಂದು ಗದರಿಸುತ್ತಾರೆ?

ಆದ್ದರಿಂದ ನಮ್ಮ ಬೇಡಿಕೆ. ನೋಟೀಸನ್ನು ಹಿಂದಕ್ಕೆ ತೆಗೆದುಕೊಳ್ಳಿ. ನಮಗೆ ನಾವೇ ಸಂಪರ್ಕ ವ್ಯಕ್ತಿಗಳಾಗಿರಲು ಬಿಡಿ. ಯಂತ್ರ ಒಬ್ಬರಾದ ಮೇಲೊಬ್ಬರನ್ನು ಕರೆಯುವ ಬದಲು ಎಲ್ಲರನ್ನೂ ಒಟ್ಟಿಗೆ ಕರೆಯಲಿ, ಯಾರಾದರೊಬ್ಬರು ಎತ್ತುತ್ತೇವೆ. ಗುರುತಿಲ್ಲದ ನಂಬರುಗಳಲ್ಲಿ ತಮ್ಮ ಕಚೇರಿಯದನ್ನು ಮಾತ್ರ ಎತ್ತಲು ಮೇಷ್ಟ್ರು ಕೂಡ ಒಪ್ಪಿದ್ದಾರೆ.

ಗಡುವಿಗೆ ಇನ್ನು ಆರು ದಿನ ಇದೆ. ಅಲ್ಲಿಯವರೆಗೆ ನಿಯಮ ಮುರಿಯುವ ಉದ್ದೇಶ ನಮಗಿಲ್ಲ. ತಮ್ಮ ನಮೂನೆಯ ಹಿಂಬದಿಯಲ್ಲಿ, ಭೂತಗನ್ನಡಿ ಹಿಡಿದು ಓದಿದೆ, ಹೀಗಿದೆ: ಸೂಚಿತ ವ್ಯಕ್ತಿಯ ಸಹಿ ಬೇಕಿಲ್ಲ, ಅವರಿಗೆ ನಮೂನೆಯ ಪ್ರತಿ ತಲುಪಿ ಹದಿನೈದು ದಿನಗಳೊಳಗೆ ಆಕ್ಷೇಪ ಬಾರದಿದ್ದರೆ ಒಪ್ಪಿಗೆ ಎಂದೇ ಭಾವಿಸತಕ್ಕದ್ದು. ತಮ್ಮ ಕಚೇರಿ ನಮ್ಮ ಕಟ್ಟಡದಿಂದ ಒಂಬತ್ತು ನಿಮಿಷದ ನಡಿಗೆ. ತಾವು ಇಲ್ಲಿಯೇ ಹುಟ್ಟಿದವರೆಂದು ತಮ್ಮ ಕೋಣೆಯ ಬಾಗಿಲ ಮೇಲಿನ ಪರಿಚಯದಲ್ಲಿದೆ. ನಲವತ್ತೈದು ತುಂಬಿದ್ದಕ್ಕೆ ಸಿಬ್ಬಂದಿ ಅಂಟಿಸಿದ ಅಭಿನಂದನೆಯ ಹಾಳೆ ಕಾರಿಡಾರಿನಲ್ಲಿ ಇನ್ನೂ ಇದೆ. ಆರೂ ನಮೂನೆಗಳಲ್ಲಿ ತಮ್ಮನ್ನೇ ಸೂಚಿಸಿ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೆವು. ಸ್ವೀಕರಿಸಿದ ರಸೀದಿ ನನ್ನ ಬಳಿ ಇದೆ. ಹದಿನೈದನೇ ದಿನ ನಿನ್ನೆಗೆ ಮುಗಿಯಿತು. ತಾವು ಲಕೋಟೆಯನ್ನು ಒಡೆದಿರಲಾರಿರಿ ಎಂದು ಮೇಷ್ಟ್ರು ಬಾಜಿ ಕಟ್ಟಿದ್ದಾರೆ.

ಹೆದರಬೇಡಿ. ಸುಮ್ಮಸುಮ್ಮನೆ ಗುಂಡಿ ಒತ್ತುವ ಜನ ನಾವಲ್ಲ. ಆದರೆ ಇಂದಿನಿಂದ ನಮ್ಮಲ್ಲಿ ಯಾರು ಬಿದ್ದರೂ, ಯಾರ ಚಿಲಕ ಮುರಿದರೂ, ಮೊದಲು ಹೊಡೆದುಕೊಳ್ಳುವುದು ತಮ್ಮ ಫೋನು. ತಾವು ಸಭೆಯಲ್ಲಿರುತ್ತೀರಿ, ಊಟಕ್ಕೆ ಕುಳಿತಿರುತ್ತೀರಿ. ಆದರೂ ಒಳ್ಳೆಯ ಮನುಷ್ಯರು, ಎತ್ತುತ್ತೀರಿ ಎಂದೇ ಇಟ್ಟುಕೊಳ್ಳೋಣ. ಎತ್ತಿ ಏನು ಮಾಡುತ್ತೀರೆಂದೂ ನನಗೆ ಗೊತ್ತು. ನಮ್ಮ ಕಡತ ತೆರೆದು, ನಮ್ಮದೇ ಕಟ್ಟಡದ ಇನ್ನೊಬ್ಬ ಮುದುಕಿಗೆ ಫೋನ್ ಮಾಡಿ, ಬೇಗ ಮೇಲೆ ಹೋಗಿ ನೋಡಿ ಎನ್ನುತ್ತೀರಿ. ಆಕೆ ಬೈದುಕೊಂಡೇ ಮೆಟ್ಟಿಲು ಹತ್ತುತ್ತಾಳೆ.

ಇಂತಿ,
ನಿನ್ನೆಯಿಂದ ತಮ್ಮ ಹೊಣೆಗೆ ಸೇರಿರುವ
ನಾಲ್ಕನೇ ಮಹಡಿಯ ನರ್ಸಮ್ಮ